ಗ್ರೂಪಿನವರು ಮಾಡಿದ ಸಾರು

ಒಂದು ಪಟ್ಟಣ, ಅಲ್ಲೊಬ್ಬ ಧನಿಕ. ದೊಡ್ಡ ಕಲ್ಯಾಣ ಮಂಟಪದ ಯಜಮಾನ. ಮದುವೆ ಅಡುಗೆಗೆಂದು ಒಬ್ಬ ಭಟ್ಟನನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಂಡಿದ್ದ. ಉಂಡವರಿಗೆ ಕೈ ತೊಳೆಯಲು ಮನಸ್ಸು ಬರುತ್ತಿರಲಿಲ್ಲ. ಎಲ್ಲ ಚೆನ್ನಾಗಿತ್ತು. ಎಲ್ಲ ಚೆನ್ನಾಗಿದ್ದರೆ ಧನಿಕನಿಗೆ ನಿದ್ದೆ ಬರುತ್ತದೆಯೇ ತಾಯಂದಿರೇ?

ಅವನಿಗೊಬ್ಬ ಸೋದರಳಿಯ, ಎಂಬಿಎ ಓದಿದವನು. "ಮಾವ, ಮದುವೆಯೇ ಇಲ್ಲದ ಆಷಾಢದಲ್ಲೂ ಇವನಿಗೆ ಸಂಬಳ ಯಾಕೆ? ಈಗೆಲ್ಲ ಫ್ರೀಲಾನ್ಸು. ಬೇಕಾದಾಗ ಕರೆಯೋದು, ಬೇಡವಾದಾಗ ಬಿಡೋದು" ಅಂದ.

ಧನಿಕನಿಗೆ ಸ್ವರ್ಗವೇ ಕಂಡಿತು. ಭಟ್ಟನ ಕೈಗೆ ತೆಂಗಿನಕಾಯಿ ಕೊಟ್ಟು ಕಳಿಸಿದ. ಊರಿನ ಅಡುಗೆಯವರನ್ನೆಲ್ಲ ಸೇರಿಸಿ ವಾಟ್ಸಾಪ್ ಗ್ರೂಪು ಮಾಡಿದ. ಗ್ರೂಪಿನ ಹೆಸರೇನು? ಅನ್ನಪೂರ್ಣೇಶ್ವರಿ! ಆ ತಾಯಿಯ ಹೆಸರಲ್ಲಿ ಹರಾಜು, ನೋಡಿ. "ನಾಳೆ ಯಾರು ಬರ್ತೀರಿ, ಎಷ್ಟಕ್ಕೆ?" ಒಬ್ಬ ಒಂದು ಹೇಳಿದರೆ ಇನ್ನೊಬ್ಬ ಅದಕ್ಕಿಂತ ಕಡಿಮೆ, ಮತ್ತೊಬ್ಬ ಇನ್ನೂ ಕಡಿಮೆ. ಬೇಳೆ ಏರಿತು, ಎಣ್ಣೆ ಏರಿತು, ಮಂಟಪದ ಬಾಡಿಗೆ ಏರಿತು. ಸೌಟು ಹಿಡಿಯುವ ಕೈಯ ರೇಟು ಮಾತ್ರ ಇಳಿಯಿತು. "ನಾನೇನು ಮಾಡಲಿ, ಮಾರ್ಕೆಟ್ಟೇ ಹಾಗಿದೆ" ಅನ್ನುತ್ತಿದ್ದ ಧನಿಕ. ಮಾರ್ಕೆಟ್ಟು ಅಂದರೆ ಯಾರಪ್ಪಾ? ನೀನೇ!

ಆಮೇಲೆ ಗಂಟೆ ಲೆಕ್ಕ ಬಂತು. ಒಲೆ ಹಚ್ಚಿ ಬೇಳೆ ಬೇಯಿಸಲು ಒಬ್ಬ, ಸಾರು ಕುದಿಸಲು ಒಬ್ಬ, ಒಗ್ಗರಣೆಗೆ ಒಬ್ಬ. ಸಿಗುವ ಕಾಸು ಹೊಟ್ಟೆಗೆ ಸಾಲದೆ ಅವರೂ ಒಂದೇ ಮುಹೂರ್ತಕ್ಕೆ ಎರಡೆರಡು ಮಂಟಪ ಹಿಡಿದರು. ಒಬ್ಬ ಬರುವ ಹೊತ್ತಿಗೆ ಮೊದಲಿನವನು ಸ್ಕೂಟರ್ ಏರಿ ಹೋಗಿರುತ್ತಿದ್ದ.

ಅಷ್ಟರಲ್ಲಿ ಧನಿಕನ ಒಬ್ಬಳೇ ಮಗಳ ಮದುವೆ ಬಂತು. ಮಗಳ ಮದುವೆಗಾದರೂ ಹಳೆಯ ಭಟ್ಟನನ್ನು ಕರೆದನೇ? ಎಲ್ಲಿ ಬಂತು! ಅದೇ ಗ್ರೂಪು, ಅದೇ ಹರಾಜು. ಮೊದಲನೆಯವನು ಬೇಳೆಗೇ ಉಪ್ಪು ಹಾಕಿ ಓಡಿದ. ಎರಡನೆಯವನು ಬಂದ. ಉಪ್ಪು ಬಿದ್ದಿದೆಯೋ ಇಲ್ಲವೋ? ಕೇಳೋಣವೆಂದರೆ ಯಾರೂ ಇಲ್ಲ. ರುಚಿ ನೋಡೋಣವೆಂದರೆ ಇನ್ನೂ ನೈವೇದ್ಯ ಆಗಿಲ್ಲ, ದೇವರಿಗಿಂತ ಮೊದಲು ನಾಲಿಗೆಗೆ ಇಡುವ ಹಾಗಿಲ್ಲ. ಹಾಕಿದ ಒಂದು ಬೊಗಸೆ. ಒಗ್ಗರಣೆಯವನೂ ಬಂದು ತನ್ನ ಪಾಲಿನದು ಹಾಕಿದ. ಮೊದಲು ಉಂಡವನು ದೇವರು. ಪಾಪ, ಅವನು ಯಾವತ್ತೂ ದೂರು ಹೇಳಿದವನಲ್ಲ.

ಬೀಗರು ಎಲೆಯ ಮುಂದೆ ಕೂತರು. ವರನ ತಾತ ಮೊದಲ ತುತ್ತಿಗೇ ಕಣ್ಣು ಮುಚ್ಚಿದರು. ಅಡುಗೆ ಮೆಚ್ಚಿದ್ದಾರೆ ಅಂದುಕೊಂಡ ಧನಿಕ! ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ಇಡೀ ಪಂಕ್ತಿ ನೀರು ನೀರು ಅಂದಿತು.

ಧನಿಕ ಹಳೆಯ ಭಟ್ಟನಿಗೆ ಫೋನ್ ಮಾಡಿದ. "ಬೇಗ ಬಾರಯ್ಯ, ಮಾನ ಉಳಿಸು!" ಭಟ್ಟ ಪಕ್ಕದ ಬೀದಿಯಲ್ಲೇ ಇದ್ದ. "ಬಂದೆ ಸ್ವಾಮಿ. ತಿಳಿಸಾರು ಮಾಡಿಕೊಡ್ತೀನಿ, ಹಿಂದಿನ ಲೆಕ್ಕದಲ್ಲೇ ಒಂದು ದಿನದ ಸಂಬಳ ಕೊಡಿ ಸಾಕು" ಅಂದ. ಆ ಹೊತ್ತಿನಲ್ಲೂ, ನೋಡಿ, ಆ ಹೊತ್ತಿನಲ್ಲೂ ಈ ಮಹಾನುಭಾವ ಏನಂದ ಗೊತ್ತೇ? "ಸ್ವಲ್ಪ ನೋಡಿಕೊಂಡು ಹೇಳಪ್ಪ. ಗ್ರೂಪಲ್ಲಿ ಇದಕ್ಕಿಂತ ಕಡಿಮೆಗೆ ಬರ್ತಾರೆ."

ಚೌಕಾಸಿ ಮುಗಿಸಿ ತಿರುಗಿದರೆ ಪಂಕ್ತಿ ಖಾಲಿ. ಬೀಗರು ಎಲೆ ಬಿಟ್ಟು ಎದ್ದು, ರೇಷ್ಮೆ ಪಂಚೆಯಲ್ಲೇ ಎದುರಿನ ಹೋಟೆಲಿನ ಮುಂದೆ ನಿಂತು ಇಡ್ಲಿ ತಿನ್ನುತ್ತಿದ್ದರು. ಮಗಳು ಬಾಸಿಂಗ ಬಿಚ್ಚದೆ ಬಂದು ನಿಂತಳು. "ಅಪ್ಪ, ನೀನು ಗ್ರೂಪು ಡಿಲೀಟ್ ಮಾಡಿ ಮರೀಬಹುದು. ನಾನು ಆ ಮನೆಯಲ್ಲಿ ಸಾಯೋವರೆಗೂ ಈ ಸಾರಿನ ಮಾತು ಕೇಳಬೇಕು" ಅಂದಳು.

ನಗ್ತಾ ಇದ್ದೀರಿ. ನಗಿ, ನಗಿ. ಆ ಧನಿಕ ಯಾರು ಅಂದುಕೊಂಡಿರಿ? ಮಗನಿಗೆ ಪಾಠ ಹೇಳುವ ಹುಡುಗಿಗೆ "ಪಕ್ಕದ ಬೀದಿಯವಳು ಅರ್ಧಕ್ಕೇ ಬರ್ತಾಳೆ" ಅಂದವರು ಯಾರು? ಆಲ್ಬಮ್ ಇಸಿದುಕೊಂಡು ಫೋಟೋದವನಿಗೆ "ಮುಂದಿನ ವಾರ ಬಾ" ಅಂದವರು ಯಾರು? ಅಷ್ಟೇಕೆ, ನಿಮ್ಮ ಸಮಿತಿಯ ಕಾರ್ಯದರ್ಶಿ ಪ್ರಹ್ಲಾದರಾಯರು ಊರ ಪ್ರವಚನಕಾರರಿಗೆಲ್ಲ ಫೋನ್ ಮಾಡಿ, ಅಗ್ಗಕ್ಕೆ ಸಿಕ್ಕಿದ ಅಂತ ತಾನೇ ನನ್ನನ್ನು ಹಿಡಿದು ತಂದದ್ದು?

ನಾಳೆಯಿಂದ ಇಷ್ಟು ಮಾಡಿ. ಕೆಲಸದವರು ರೇಟು ಹೇಳಿದರೆ ಇನ್ನೊಬ್ಬನ ಹೆಸರು ಹೇಳಿ ಇಳಿಸಬೇಡಿ. ಕೈಲಾಗದಿದ್ದರೆ ಆಗೋಲ್ಲ ಅನ್ನಿ. ಕೆಲಸ ಮುಗಿದ ದಿನವೇ ಕೈಗೆ ಕೊಡಿ. ದುಡಿಯುವವರೂ ಕೇಳಿ, ಪಕ್ಕದವನ ಅನ್ನ ಕಿತ್ತುಕೊಳ್ಳಲು ನೀವು ಒಂದು ಮೆಟ್ಟಿಲು ಇಳಿದರೆ ಅವನು ಎರಡು ಇಳೀತಾನೆ. ಕೊನೆಗೆ ಇಬ್ಬರೂ ಬಾವಿಯ ತಳದಲ್ಲೇ ಇರ್ತೀರಿ.

ಈಗ ಎಲ್ಲರಿಗೂ ಪ್ರಸಾದದ ಊಟ ಇದೆ. ಅಡುಗೆಗೆ ಯಾರನ್ನು ಕರೆಸಿದ್ದೀರಿ ಅಂತ ಆಗಲೇ ರಾಯರನ್ನು ಕೇಳಿದೆ. ಅವರು ಮೆಲ್ಲಗೆ ಮೊಬೈಲು ಜೇಬಿಗಿಟ್ಟುಕೊಂಡರು. ನೀರಿನ ಲೋಟ ಹತ್ತಿರದಲ್ಲೇ ಇಟ್ಟುಕೊಂಡು ಕೂತುಕೊಳ್ಳಿ.