ಹೊಟ್ಟೆನೋವು ತಾಳಲಾರದೆ

ಅತ್ತೆಯ ಸ್ಕ್ಯಾನಿಂಗ್ ಮುಗಿಯುವವರೆಗೆ ಹೊರಗೆ ಕೂತು ಸ್ವೆಟರ್ ಹೆಣೆಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗಿ ತನ್ನ ದೊಡ್ಡಮ್ಮನ ಜೊತೆ ಸ್ಕ್ಯಾನಿಂಗ್ ಮುಗಿಸಿ ರಿಪೋರ್ಟಿಗೆ ಕಾಯುತ್ತಿದ್ದಳು.

“ಅಮ್ಮನ ಕಾಯಿಲೆನೇ ನನಗೂ ಬಂದಿದ್ರೆ, ದೊಡ್ಡಮ್ಮ?”

“ಯಾವ ಕಾಯಿಲೆನೇ?”

“ಹೊಟ್ಟೆನೋವು. ತಾಳಲಾರದೆ ಬಾವಿಗೆ ಬಿದ್ದಳು ಅಂತ ಪೇಪರಲ್ಲೇ ಬಂದಿತ್ತಲ್ಲ.”

“ಆಗೆಲ್ಲ ಮನೆಯವರು ಹೇಳಿದ್ದನ್ನೇ ಬರೀತಿದ್ರು ಕಣೇ. ಗಂಡನ ಮನೇಲಿ ಹಾಗೆ ಸತ್ತವರಿಗೆಲ್ಲ ಪೇಪರಲ್ಲಿ ಹೊಟ್ಟೆನೋವೇ.”

“ಅಮ್ಮನಿಗೆ ಇರಲಿಲ್ವಾ?”

“ಅವಳಾ? ಕಲ್ಲು ತಿಂದು ಕರಗಿಸ್ತಿದ್ಲು.”

“ಮತ್ತೆ ಪೇಪರಿನವರಿಗೆ ಹಾಗಂತ ಹೇಳಿದ್ದು ಯಾರು?”

“ನಿಮ್ಮಪ್ಪ.”

ಅಷ್ಟರಲ್ಲಿ ಹುಡುಗಿಯ ಫೋನ್ ಬಡಿದುಕೊಂಡಿತು.

“ಅಪ್ಪಾನೇ. ಕರ್ಕೊಂಡು ಹೋಗೋಕೆ ಬಂದಿರಬೇಕು, ಮುಂದಿನ ಗೇಟಲ್ಲಿ.”

ಅವಳು ಫೋನ್ ಎತ್ತಲಿಲ್ಲ. ಅದನ್ನು ಬ್ಯಾಗಿನೊಳಗೆ ಹಾಕಿ, ದೊಡ್ಡಮ್ಮನ ಕೈ ಹಿಡಿದು, ಹಿಂಬಾಗಿಲ ಕಡೆ ನಡೆದಳು.