ಹನ್ನೆರಡನೇ ರೂಮಿನ ದಿಂಬು

ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ಸಂಜೆ ಏಳಾದರೂ ಬಿಡಲಿಲ್ಲ. ತುಮಕೂರು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತು, ಆಟೋಗಳೆಲ್ಲ ಅಂಗಡಿಗಳ ಮಗ್ಗುಲಿಗೆ ಸೇರಿಕೊಂಡಿದ್ದವು. ಸುಖನಿವಾಸ ಲಾಡ್ಜಿನಲ್ಲಿ ಕರೆಂಟು ಹೋಗಿ ಆಗಲೇ ಅರ್ಧ ಗಂಟೆ. ರೂಮಿನಲ್ಲಿ ಕತ್ತಲೆಗೆ ಕಣ್ಣು ಬಿಟ್ಟುಕೊಂಡು ಕೂರಲು ಬೇಸರವಾಗಿ, ಇಳಿದುಕೊಂಡಿದ್ದವರು ಒಬ್ಬೊಬ್ಬರೇ ಕೆಳಗೆ ಬಂದು ಕೌಂಟರಿನ ಎದುರಿನ ಸೋಫಾಗಳಲ್ಲಿ ಕೂತರು. ಮಗನನ್ನು ಹಾಸ್ಟೆಲಿಗೆ ಸೇರಿಸಿ ಬಂದಿದ್ದ ಗಂಡ ಹೆಂಡತಿ, ವಸಂತನರಸಾಪುರದ ಕಾರ್ಖಾನೆಯೊಂದಕ್ಕೆ ಇಂಟರ್‌ವ್ಯೂಗೆಂದು ಬಂದಿದ್ದ ಕೃತಿಕಾ, ಬೋರ್‌ವೆಲ್ ಮೋಟರಿನ ಬಿಡಿಭಾಗ ಮಾರುವ ಚನ್ನೇಶ್. ಕೌಂಟರಿನ ಮೇಲೆ ಎರಡು ಮೇಣದ ಬತ್ತಿ ಉರಿಯುತ್ತಿದ್ದವು.

ಮೂಲೆಯ ಕುರ್ಚಿಯಲ್ಲಿ ಸದಾಶಿವಯ್ಯನವರಿದ್ದರು. ಮೂವತ್ತೈದು ವರ್ಷ ಇದೇ ಲಾಡ್ಜಿನ ಕೌಂಟರಿನಲ್ಲಿ ಕೂತು ಕೀ ಕೊಟ್ಟವರು. ಕೆಲಸ ಬಿಟ್ಟು ಎರಡು ವರ್ಷವಾದರೂ ಸಂಜೆಯ ಕಾಫಿಗೆ ಇಲ್ಲಿಗೇ ಬರಬೇಕು, ಬಂದವರ ಬಾಯಿಗೆ ಕೋಲು ಹಾಕಿ ಮಾತಾಡಿಸಬೇಕು.

ಚನ್ನೇಶ್ ಕತ್ತು ಉಜ್ಜಿಕೊಳ್ಳುತ್ತ ಗೊಣಗಿದ. "ರೂಮೇನೋ ಚೆನ್ನಾಗೈತೆ ಕಣ್ರೀ. ಆದ್ರೆ ಟಿವಿನ ತಲೆ ಹಿಂದಕ್ಕೆ ತಗುಲಾಕವ್ರಲ್ಲ, ಯಾವ ಪುಣ್ಯಾತ್ಮ ಅವ್ನು?"

ಸದಾಶಿವಯ್ಯ ಪೇಪರು ಮಡಚಿಟ್ಟರು. "ಹನ್ನೆರಡನೇ ನಂಬರಾ?"

"ಹೂಂ."

"ಟಿವಿ ಇದ್ದಲ್ಲೇ ಐತೆ ಸ್ವಾಮಿ. ತಿರುಗಿದ್ದು ಮಂಚ. ಯಾಕೆ ತಿರುಗ್ತು ಅಂತ ಹೇಳ್ತೀನಿ, ಹತ್ರ ಬನ್ನಿ. ಈ ಮಳೆ ಸದ್ದಲ್ಲಿ ನನ್ ದನಿ ದೂರಕ್ಕೆ ಕೇಳಲ್ಲ."

ಗಂಡ ಹೆಂಡತಿ ಸೋಫಾವನ್ನೇ ಹತ್ತಿರಕ್ಕೆ ಎಳೆದುಕೊಂಡರು. ಕೃತಿಕಾ ಕಾಲು ಮೇಲಕ್ಕೆತ್ತಿ ದುಪಟ್ಟಾ ಹೊದ್ದಳು. ಮುದುಕರು ಶುರುಮಾಡಿದರು.

*

ನೋಡಿ, ಇಲ್ಲಿ ಶಿವರುದ್ರಮ್ಮ ಅಂತ ಒಬ್ಳಿದ್ಲು. ಮೂವತ್ತು ವರ್ಷ ಈ ಲಾಡ್ಜಲ್ಲಿ ಹಾಸಿಗೆ ಹಾಸಿದೋಳು. ಅವಳು ಮೇಲೆ ಬೆಡ್‌ಶೀಟ್ ಒದರಿದ್ರೆ ಕೆಳಗೆ ಕೂತಿದ್ದ ನನಗೆ ಕೇಳ್ಸೋದು... ಪಟ್ ಅಂತ! ಹಾಸಿಗೇಲಿ ಒಂದು ಸುಕ್ಕು ಇರ್ಬಾರ್ದು, ಹೊದಿಕೆ ತುದೀನ ಕಾಲ್ಕಡೆ ಹಾಸಿಗೆ ಕೆಳಕ್ಕೆ ಸಿಗಿಸಬೇಕು, ತಲೆದೆಸೇಲಿ ಹಿತ್ತಾಳೆ ಚೊಂಬಲ್ಲಿ ನೀರಿಡ್ಬೇಕು, ಅದೂ ಮಳೆಗಾಲ ಆದ್ರೆ ಬೆಚ್ಚಗೆ ಕಾಯಿಸಿ... ಗಿರಾಕಿ ಕೇಳ್ಲಿ, ಬುಡ್ಲಿ. 'ಇಷ್ಟೆಲ್ಲಾ ಯಾಕಮ್ಮ, ಒಂದು ರಾತ್ರಿ ಮಲಗಿ ಹೋಗೋ ಜನಕ್ಕೆ' ಅಂದ್ರೆ, 'ದಾರಿ ಸವೆಸ್ಕೊಂಡ್ ಬಂದೋರಿಗೆ ಇನ್ನೇನ್ ಬೇಕು ಸದಾಶಿವಣ್ಣ? ಒಂದ್ ನಿದ್ದೆ. ಬಾಯಾರಿದ್ರೆ ಕೈಗ್ ಸಿಗಂಗೆ ನೀರು. ಯಾರೋ ನನಗೇ ಅಂತ ಹಾಸವ್ರೆ ಅನ್ನೋದೊಂದು ಮನ್ಸಿಗೆ ಬರ್ಬೇಕು, ಅಷ್ಟೇಯ' ಅನ್ನೋಳು.

ಅವಳ ಕೈ ಕೆಳಗೆ ಸೇರ್ಕೊಂಡೋಳು ವಾಣಿಶ್ರೀ. ಅಂತರಸನಹಳ್ಳೀಲಿ ಕೆಲಸ ಮಾಡ್ತಿದ್ದ ಫ್ಯಾಕ್ಟರಿ ಮುಚ್ಚೋಯ್ತು ಅಂತ ಬಂದೋಳು. ಮೊದಲನೇ ದಿನ ಅವಳು ಹಾಸಿದ ಶೀಟನ್ನ ಶಿವರುದ್ರಮ್ಮ ನಾಲ್ಕು ಸಲ ಕಿತ್ತು ಬಿಸಾಕಿದ್ಲು! ವಾಣಿಶ್ರೀ ಕಣ್ಣಲ್ಲಿ ನೀರು. ಐದನೇ ಸಲ ಹಾಸಿದ ಮೇಲೆ ಅಂಗೈಯಿಂದ ಸವರಿ ನೋಡಿ, 'ಈಗ ಮಲಗ್ಬೋದು ಕಣೇ' ಅಂದ್ಲು. ಮಧ್ಯಾಹ್ನ ತನ್ನ ಡಬ್ಬೀಲಿದ್ದ ಮುದ್ದೇನ ಅರ್ಧ ಮುರಿದು ಕೊಟ್ಲು. ಅವತ್ತಿಂದ ಆರು ವರ್ಷ ಇಬ್ರೂ ತಾಯಿ ಮಗಳ ಥರ ಇದ್ರು. ನಾನು ಕಣ್ಣಾರೆ ಕಂಡಿದ್ದು.

ಒಂದಿನ ಮಧ್ಯಾಹ್ನ ಊಟಕ್ಕೆ ಕರೆಯೋಣ ಅಂತ ವಾಣಿಶ್ರೀ ಮೇಲಕ್ಕೆ ಹೋದ್ಲು. ಹನ್ನೆರಡನೇ ರೂಮಲ್ಲಿ ಹಾಸಿಗೆ ಹಾಸಾಗಿತ್ತು, ಚೊಂಬು ತುಂಬಿತ್ತು. ಶಿವರುದ್ರಮ್ಮ ಗೋಡೆಗೆ ಒರಗಿ ಕೂತಿದ್ಲು, ಒಂದು ಕೈ ಮಂಚದ ಅಂಚಿನ ಮೇಲೆ... ಕರೆದ್ರೆ ಓಗೊಡ್ಲಿಲ್ಲ.

ಅವಳ ಹುಟ್ಟೂರು ಗುಬ್ಬಿ. ಅಲ್ಲೇ ಮಣ್ಣು ಮಾಡಿದ್ವಿ. ನಮ್ಮಲ್ಲಿ ಕೂರಿಸಿ ಮಣ್ಣು ಮಾಡೋದಲ್ವಾ, ಹಂಗೇ ಕೂರಿಸಿದ್ರು. ನಾನು ಆಗ್ಲೇ ಅಂದ್ಕೊಂಡೆ, ಕೂರಿಸಿದ ಕಡೆ ಕೂರೋ ಹೆಂಗಸೇ ಇದು? ಅಂತ.

ಆರು ತಿಂಗಳಾಗಿರ್ಬೇಕು. ನಮ್ಮ ಯಜಮಾನರು ಗೋವಿಂದರಾಜು ಬೆಂಗಳೂರಿಗೆ ಹೋದೋರು ಯಾವ್ದೋ ದೊಡ್ಡ ಹೋಟ್ಲು ನೋಡ್ಕೊಂಡ್ ಬಂದ್ರು. ಬಂದೋರೇ ಹನ್ನೆರಡನೇ ರೂಮನ್ನ ಡೀಲಕ್ಸ್ ಮಾಡ್ತೀನಿ ಅಂತ ಹೊರಟ್ರು. ಎಸಿ ಬಂತು, ಗೇಣುದಪ್ಪದ ಹಾಸಿಗೆ ಬಂತು, ಗಾಜಿನ ಬಚ್ಚಲಮನೆ ಬಂತು, ಬಾಗಿಲಗಲದ ಟಿವಿ ಬಂತು. ಹಿತ್ತಾಳೆ ಚೊಂಬು? ಅದು ಗೋಡೋನಿಗೆ ಹೋಯ್ತು. ಅದರ ಜಾಗಕ್ಕೆ ಪ್ಲಾಸ್ಟಿಕ್ ಬಾಟ್ಲಿ.

ಮೊದಲನೇ ಗಿರಾಕಿ ಕುಣಿಗಲ್‌ನ ಮುತ್ತುರಾಜ್ ಅಂತ, ಬೀಜ ಗೊಬ್ಬರದ ವ್ಯಾಪಾರದೋನು. ಬೆಳಿಗ್ಗೆ ಆರಕ್ಕೆ ಲುಂಗೀಲೇ ಇಳ್ಕೊಂಡ್ ಬಂದ. 'ರೀ, ನಾನು ಕಿಟಕಿ ಕಡೆ ತಲೆ ಹಾಕ್ಕೊಂಡ್ ಮಲಗಿದ್ದೆ. ಎದ್ರೆ ಕಿಟಕಿ ಕಡೆ ಕಾಲೈತೆ!' ಅಂದ. ನಿದ್ದೇಲಿ ಹೊರಳಿದ್ದೀರಿ ಬುಡಿ ಅಂತ ನಾನು ನಕ್ಕೆ. 'ಹೊರಳ್ದೋನು ದಿಂಬನ್ನೂ ಜೊತೇಲಿ ತಗೊಂಡ್ ಹೋಗಿ, ಹೊದಿಕೇನ ಕಾಲ್ಕಡೆ ಸಿಗಿಸ್ಕೊಂಡು ಮಲಗ್ತಾನೇನ್ರೀ?' ಅಂದ... ನನ್ನ ನಗು ಅಲ್ಲೇ ನಿಂತೋಯ್ತು.

ಆಮೇಲೆ ಹೊಸದಾಗಿ ಮದುವೆಯಾದ ಜೋಡಿ ಬಂತು. ಹಿಡ್ಕೊಂಡ ಕೈ ಹಿಡ್ಕೊಂಡಂಗೇ ಇಬ್ರೂ ತಿರುಗಿದ್ರು. ಅದಾದ್ಮೇಲೆ ಗರಡಿ ಆಳೊಬ್ಬ, ನೂರು ಕೆಜಿ ತೂಗೋನು, ಅವನನ್ನೂ ಕೂಸಿನ ಥರ ತಿರುಗಿಸಿ ಹೊದಿಸಿತ್ತು. ಅವನು ಹೆದರಿದ್ದು ಅದಕ್ಕಲ್ಲ, ತಲೆದೆಸೇಲಿ ಚೊಂಬು ಕಂಡು. ಗೋಡೋನಿಗೆ ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ... ಚೊಂಬು ಹೆಂಗೆ ಬಂತು ಹೇಳಿ?

ಸುದ್ದಿಗೆ ಕಾಲಿಲ್ದೇ ಇದ್ರೂ ಓಡುತ್ತೆ. ಫೋನಲ್ಲಿ ಬರೆದ್ರು, ಬಸ್ ಸ್ಟ್ಯಾಂಡಲ್ಲಿ ಆಡ್ಕೊಂಡ್ರು, 'ದೆವ್ವದ ಲಾಡ್ಜಿಗಾ ಹೋಗೋದು' ಅಂತ ಆಟೋದವರೇ ಕೇಳೋಕೆ ಶುರುಮಾಡಿದ್ರು. ಹನ್ನೆರಡು ಬುಡಿ, ಬೇರೆ ರೂಮಿಗೂ ಜನ ಇಲ್ಲ. ಗೋವಿಂದರಾಜು ಹಾಸಿಗೆ ಬದಲಾಯಿಸಿದ್ರು, ಸೆಂಟು ಹೊಡೆಸಿದ್ರು, ಬಾಗಿಲಿಗೆ ಬೂದುಗುಂಬಳ ಕಟ್ಟಿಸಿದ್ರು. ಕೊನೆಗೊಬ್ಬ ಮಂತ್ರವಾದೀನ ಹಿಡಿದ್ರು. ಅವನು ರೂಮಲ್ಲಿ ನಿಂತು ಮೂಗು ಅರಳಿಸಿ, 'ಇಲ್ಲಿ ಸತ್ತ ಹೆಂಗಸು ಇಲ್ಲೇ ಐತೆ. ಅಮಾವಾಸ್ಯೆ ದಿನ ಅವಳ ಚೊಂಬಿಗೇ ಅವಳ್ನ ಇಳಿಸಿ, ಮೊಳೆ ನಿಂಬೆಹಣ್ಣು ತುಂಬಿ, ಬಾಯಿಗೆ ಮೇಣ ಬಡಿದು ಕುಣಿಗಲ್ ಕೆರೆಗೆ ಹಾಕ್ತೀನಿ. ಮತ್ತೆ ಏಳಬಾರ್ದು' ಅಂದ.

ವಾಣಿಶ್ರೀ ಬಾಗಿಲ ಹಿಂದೆ ಪೊರಕೆ ಹಿಡ್ಕೊಂಡ್ ನಿಂತಿದ್ಲು. ಸಾವಿರ ಜನದ ಬಾಯಾರಿಕೆ ತೀರಿಸಿದ ಚೊಂಬು ಅದು. ಅದರಲ್ಲೇ ಅವಳನ್ನ ಹಾಕಿ ಮುಚ್ಚೋದಾ? ಸೀದಾ ಯಜಮಾನರ ಮುಂದೆ ಹೋಗಿ ನಿಂತ್ಲು. 'ಅಣ್ಣ, ಆ ಕೈ ಯಾರಿಗೂ ಕೆಟ್ಟದ್ದು ಮಾಡಲ್ಲ. ಏನೋ ಹೇಳ್ತೈತೆ, ನಮಗೆ ತಿಳೀತಿಲ್ಲ. ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನ ಐತಲ್ಲ, ಅಷ್ಟು ಕೊಡಿ' ಅಂದ್ಲು. ಯಜಮಾನರು ತಲೆ ಚಚ್ಕೊಂಡ್ರು. 'ಅಮಾವಾಸ್ಯೆ ಹಿಂದಿನ ದಿನವೇ ವಸಂತನರಸಾಪುರದ ಕಂಪನಿ ಮೇಡಂ ಬಂದು ಇಲ್ಲಿ ಮಲಗಿ ನೋಡ್ತಾರೆ ಕಣಮ್ಮ. ಒಪ್ಪಿದ್ರೆ ಅವರ ಕಂಪನಿಗೆ ಬರೋರೆಲ್ಲ ವರ್ಷಪೂರ್ತಿ ನಮ್ಮಲ್ಲೇ. ಅವರೇನಾದ್ರೂ ಕಿರಿಚ್ಕೊಂಡ್ರೆ, ಮಾರನೇ ದಿನ ನಿನ್ನ ರುದ್ರಮ್ಮ ಕೆರೇಲಿ!'

ವಾಣಿಶ್ರೀ ಗುಬ್ಬಿ ಬಸ್ ಹತ್ತಿದ್ಲು. ಅಲ್ಲಿ ಶಿವರುದ್ರಮ್ಮನ ತಂಗಿ ಶಿವನಂಜಮ್ಮ ಜಗಲೀಲಿ ಹುಣಸೆಹಣ್ಣು ಕುಟ್ತಾ ಇದ್ಲು. ಎಲ್ಲಾ ಕೇಳಿ ಆಯಮ್ಮ ಅಳ್ಲಿಲ್ಲ, ಹೆದರ್ಲಿಲ್ಲ. 'ಮಂಚ ಎತ್ತಗೆ ತಲೆ ಮಾಡಿ ಹಾಕಿದ್ದೀರಾ?' ಅಂತ ಕೇಳಿದ್ಲು.

'ಹೊಸ ಟಿವಿ ಬಂದ್ಮೇಲೆ ತಿರುಗಿಸಿದ್ವಿ, ಟಿವಿ ಕಡೆಗೆ ಕಾಲು ಬರಂಗೆ.'

'ಟಿವಿ ಯಾವ ದಿಕ್ಕೇ?'

ವಾಣಿಶ್ರೀಗೆ ಹೇಳೋಕೆ ಬರ್ಲಿಲ್ಲ. ನಿಮಗೆ ಬರುತ್ತಾ? ಮನೇಲಿ ನಾವು ಒಲೆ ಎತ್ತಗೆ, ದೇವರು ಎತ್ತಗೆ, ಬಾಗಿಲು ಎತ್ತಗೆ ಅಂತ ಹತ್ತು ಜನರನ್ನ ಕೇಳಿ ಇಡ್ತೀವಿ. ಲಾಡ್ಜಿಗೆ ಬಂದ್ರೆ? ಟಿವಿ ಎತ್ತಗೋ ಕಾಲು ಅತ್ತಗೆ. ಬೂದುಗುಂಬಳ ಕಟ್ಟಿದ್ರು, ಮಂತ್ರವಾದೀನ ಕರೆಸಿದ್ರು, ಮಂಚ ಎತ್ತ ಮುಖ ಮಾಡೈತೆ ಅಂತ ಒಬ್ರಾದ್ರೂ ನೋಡಿದ್ವಾ? ನಾನೂ ನೋಡ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ.

'ಚಿಕ್ಕೋರಿದ್ದಾಗ ನಾನು ಉತ್ತರಕ್ಕೆ ತಲೆ ಹಾಕ್ಕೊಂಡ್ ಮಲಗಿದ್ರೆ, ನಮ್ಮಕ್ಕ ನಿದ್ದೇಲೇ ಎತ್ತಿ ತಿರುಗಿಸೋಳು ಕಣವ್ವ' ಅಂದ್ಲು ಶಿವನಂಜಮ್ಮ. 'ಗಣಪ್ಪನಿಗೆ ಆನೆ ತಲೆ ಎಲ್ಲಿಂದ ಬಂತು, ಉತ್ತರಕ್ಕೆ ತಲೆ ಹಾಕಿದ್ ಆನೇದು ಅಲ್ವೇನೇ, ಅನ್ನೋಳು. ಅವಳ ಕಣ್ಮುಂದೆ ಯಾರೂ ಉತ್ತರಕ್ಕೆ ತಲೆ ಹಾಕಂಗಿಲ್ಲ.'

ವಾಣಿಶ್ರೀ ಬಸ್ಸಿಳಿದೋಳು ಚಪ್ಪಲಿ ಕೂಡ ಬಿಡ್ದೇ ಮೆಟ್ಲು ಹತ್ತಿದ್ಲು. ಹನ್ನೆರಡರ ಕಿಟಕಿ ಮುಂದೆ ನಿಂತ್ರೆ... ಹೊತ್ತು ಎಡಗಡೆಗೆ ಮುಳುಗ್ತಾ ಇತ್ತು. ಅಂದ್ರೆ ಕಿಟಕಿ ಉತ್ತರಕ್ಕೆ. ಮಂಚದ ತಲೆ ಕಿಟಕಿಗೆ! ಶಿವರುದ್ರಮ್ಮ ಕೂತಿದ್ದ ಜಾಗದಲ್ಲೇ ಕುಸಿದು ಕೂತು, 'ನಾವು ತಪ್ಪು ಮಲಗಿಸ್ದೋರನ್ನೆಲ್ಲ ನೀನೊಬ್ಳೇ ತಿರುಗಿಸ್ತಿದ್ಯಲ್ಲ ರುದ್ರಮ್ಮಾ... ಕೈ ಎಷ್ಟು ನೊಂದಿತೋ' ಅಂತ ಬಿಕ್ಕಿ ಬಿಕ್ಕಿ ಅತ್ಲು.

ಆಮೇಲೆ ನನ್ನ ಕರೆದ್ಲು. ಇಬ್ರೂ ಸೇರಿ ಆ ಮಂಚ ತಿರುಗಿಸಿದ್ವಿ. ನನ್ನ ಸೊಂಟ ಇವತ್ತಿಗೂ ಅದನ್ನ ಮರ್ತಿಲ್ಲ. ಟಿವಿ ತಲೆ ಹಿಂದಕ್ಕೆ ಹೋಯ್ತು, ಹೋಗ್ಲಿ. ಚೊಂಬನ್ನ ಹುಣಸೆಹಣ್ಣು ಹಾಕಿ ಬೆಳಗಿ ತಂದಿಟ್ಲು. ಮೊದಲು ತಾನೇ ಅಲ್ಲಿ ಮಲಗಿದ್ಲು. ಬೆಳಿಗ್ಗೆ ಎದ್ರೆ ತಲೆ ಇದ್ದಲ್ಲೇ ಇತ್ತು.

ಕಂಪನಿ ಮೇಡಂ ಬಂದ್ರು, ಪಲ್ಲವಿ ಅಂತ. ಫೋನಲ್ಲಿ ಜನ ಬರೆದಿದ್ದೆಲ್ಲಾ ಓದ್ಕೊಂಡೇ ಬಂದಿದ್ರು. 'ಜನ ಬಯ್ದಿರೋ ರೂಮೇ ಕೊಡಿ' ಅಂದ್ರು! ಬಿಸಿನೀರಿನ ನಲ್ಲಿ ತಿರುಗಿಸಿ ನೋಡಿದ್ರು, ಚಿಲಕ ಎಳೆದು ನೋಡಿದ್ರು, ಚಾರ್ಜರ್‌ಗೆ ಪ್ಲಗ್ ಎಲ್ಲಿ ಅಂದ್ರು, ವೈಫೈ ಕೇಳಿದ್ರು. ಕೊನೆಗೆ, 'ಇದೆಲ್ಲಾ ಎಲ್ಲಾ ಕಡೆ ಇರುತ್ತೆ. ನಿಮ್ಮಲ್ಲಿ ಏನು ವಿಶೇಷ?' ಅಂದ್ರು. ಗೋವಿಂದರಾಜು ಬಾಯಿ ತೆರೆಯೋಕೆ ಮುಂಚೆ ವಾಣಿಶ್ರೀ, 'ನಿದ್ದೆ ಬರುತ್ತೆ ಮೇಡಂ' ಅಂದ್ಲು. ಅಷ್ಟೇ.

ಮಾರನೇ ಬೆಳಿಗ್ಗೆ ಏಳಾಯ್ತು, ಬಾಗಿಲು ತೆಗೀಲಿಲ್ಲ. ಎಂಟಾಯ್ತು. ಒಂಬತ್ತಾಯ್ತು. ಮಂತ್ರವಾದಿ ಮೊಳೆ, ಮೇಣ, ಒಂದು ಚೀಲ ನಿಂಬೆಹಣ್ಣು ಇಟ್ಕೊಂಡು ಇದೇ ಸೋಫಾದಲ್ಲಿ ಕೂತು ಮೀಸೆ ತಿರುವ್ತಾ ಇದ್ದ. ಗೋವಿಂದರಾಜು ಮುಖದಲ್ಲಿ ರಕ್ತ ಇಲ್ಲ. ವಾಣಿಶ್ರೀ ಮೆಟ್ಲ ಬುಡದಲ್ಲಿ ಕಣ್ಮುಚ್ಕೊಂಡು ನಿಂತವ್ಳೆ... ಹತ್ತು ಗಂಟೆಗೆ ಇಳಿದ್ರು ನೋಡಿ ಮೇಡಂ! ಕೂದಲು ಕೆದರಿತ್ತು, ಕೆನ್ನೆ ಮೇಲೆ ದಿಂಬಿನ ಗೆರೆ. 'ಮೀಟಿಂಗೇ ತಪ್ಪೋಯ್ತು ಕಣ್ರೀ' ಅಂದ್ರು. ಆಮೇಲೆ ನಕ್ಕರು. 'ಎರಡು ವರ್ಷ ಆಗಿತ್ತು ಹಿಂಗೆ ನಿದ್ದೆ ಬಂದು. ರಾತ್ರಿ ಯಾರೋ ಹೊದಿಕೆ ಸರಿಮಾಡಿದಂಗಾಯ್ತು, ನಮ್ಮಜ್ಜಿ ಅಂದ್ಕೊಂಡು ಮಗ್ಗುಲಾದೆ. ನಮ್ಮ ಕಂಪನೀಗೆ ನಿಮ್ಮ ಎಲ್ಲಾ ರೂಮೂ ಬೇಕು. ಇವತ್ತಿಂದಾನೇ.'

ಮಂತ್ರವಾದಿ ಎದ್ದು ಚೀಲ ಹೆಗಲಿಗೇರಿಸಿ, 'ಸರಿ, ಕೆಲಸ ಶುರುಮಾಡೋಣ್ವಾ' ಅಂದ. ಗೋವಿಂದರಾಜು ಎದೆ ಸೆಟೆಸಿ ಏನಂದ್ರು ಗೊತ್ತಾ?

'ರೂಮ್ ಖಾಲಿ ಇಲ್ಲ ಸ್ವಾಮಿ!'

ಆ ನಿಂಬೆಹಣ್ಣಲ್ಲೇ ವಾಣಿಶ್ರೀ ಲಾಡ್ಜಿಗೆಲ್ಲ ಶರಬತ್ತು ಮಾಡಿದ್ಲು. ಮಂತ್ರವಾದೀನೂ ಎರಡು ಲೋಟ ಕುಡಿದೇ ಹೋದ. ಆಮೇಲೆ ಅವಳು ಮೇಲಕ್ಕೆ ಹೋಗಿ ಹತ್ತನೇ ರೂಮಲ್ಲಿ ಶೀಟ್ ಒದರಿದ್ಲು... ಪಟ್! ನಾನು ಇಲ್ಲಿ ಕೌಂಟರಲ್ಲಿದ್ದೆ. ಅದರ ಹಿಂದೇನೇ ಹನ್ನೆರಡರಿಂದ ಇನ್ನೊಂದು ಸಲ ಕೇಳಿಸ್ತು. ಪಟ್!

*

ಮಗನನ್ನು ಬಿಟ್ಟು ಬಂದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಚನ್ನೇಶ್ ದೊಡ್ಡದಾಗಿ ನಕ್ಕ. "ಕತೆ ಚೆನ್ನಾಗಿ ಕಟ್ತೀರಿ ಯಜಮಾನ್ರೇ."

"ವಾಣಿಶ್ರೀ ಇವತ್ತು ಇಲ್ಲಿಲ್ಲ," ಎಂದರು ಸದಾಶಿವಯ್ಯ, ತಣ್ಣಗೆ. "ಕುಣಿಗಲ್‌ಗೆ, ತಂಗಿ ಮಗಳ ಸೀಮಂತಕ್ಕೆ ನಿನ್ನೇನೇ ಹೋಗವ್ಳೆ. ಅವಳಿಲ್ದಾಗ ಬೇರೆ ಕೆಲಸದ ಹೆಣ್ಮಕ್ಳು ಯಾರೂ ಹನ್ನೆರಡಕ್ಕೆ ಹೋಗಲ್ಲ. ನೀವು ಸಂಜೆ ಬಂದಾಗ ಹಾಸಿಗೆ ಹಾಸಿತ್ತಾ?"

"ಹಾಸಿತ್ತು..."

"ಚೊಂಬಲ್ಲಿ ನೀರು?"

ಚನ್ನೇಶನ ನಗು ಮುಖದಲ್ಲೇ ಉಳಿಯಿತು. "ಇತ್ತು. ಬೆಚ್ಚಗಿತ್ತು."

"ಟಿವಿ ಹೆಂಗೆ ನೋಡಿದ್ರಿ?"

"ದಿಂಬನ್ನ ಕಿಟಕಿ ಕಡೆಗೆ ಹಾಕ್ಕೊಂಡು ಮಲಗಿದ್ದೆ. ಕರೆಂಟ್ ಹೋಯ್ತು, ಹಂಗೇ ಬುಟ್ಟು ಬೀಗ ಹಾಕ್ಕೊಂಡ್ ಬಂದೆ. ಕೀ ಇಲ್ಲೇ ಐತೆ ನೋಡಿ." ಅವನು ಅಂಗೈ ಬಿಚ್ಚಿ ಎಲ್ಲರಿಗೂ ತೋರಿಸಿದ.

ಮಳೆ ಒಂದು ಗಳಿಗೆ ತಗ್ಗಿತು. ಮೇಲಿನ ಮಹಡಿಯ ಮೂಲೆಯಿಂದ ಒದ್ದೆಯಿಲ್ಲದ, ಗರಿಗರಿಯಾದ ಬಟ್ಟೆಯನ್ನು ಯಾರೋ ಒಮ್ಮೆ ಜೋರಾಗಿ ಒದರಿದ ಸದ್ದು ಕೇಳಿಸಿತು. ಪಟ್.

ಯಾರೂ ಏಳಲಿಲ್ಲ. ಸದಾಶಿವಯ್ಯ ಮಾತ್ರ ಕೊಡೆ ತೆಗೆದುಕೊಂಡು, ಪಂಚೆ ಎತ್ತಿ ಕಟ್ಟಿ, ಬಾಗಿಲ ಬಳಿ ಒಮ್ಮೆ ತಿರುಗಿದರು.

"ಹೆದರ್ಕೋಬೇಡಿ ಸ್ವಾಮಿ, ಹೋಗಿ ಸುಖವಾಗಿ ಮಲಗಿ. ದಿಂಬು ದಕ್ಷಿಣಕ್ಕೆ ಬಂದಾಯ್ತು."