ಬಾರದವರ ಜಾಗದಲ್ಲಿ ಕೂತವರು

ಸಭಾಪಾಲಕರೇ, ಸಭೆಯ ಹಿರಿಯರೇ, ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆ, ಮಗಳೇ, ಅಳಿಯಂದಿರೇ, ನಮ್ಮ ವರ್ಕ್‌ಶಾಪಿನ ಗೆಳೆಯರೇ — ಎಲ್ಲರಿಗೂ ನಮಸ್ಕಾರ. ಮೈಕಿನ ಮುಂದೆ ನಿಂತು ನನಗೆ ಅಭ್ಯಾಸವಿಲ್ಲ. ಸೋಫಾ, ಕುರ್ಚಿ ರಿಪೇರಿ ಮಾಡೋನು ನಾನು. ನಮ್ಮನ್ನು ಅಗಲಿದ ಅಣ್ಣನ ಕೆಲಸವೂ ಅದೇ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಹೊಲಿಗೆ ಮೆಷಿನ್ ಅಷ್ಟೇ. ನೀವು ಅವರನ್ನು ಗೌರವದಿಂದ ಹಿರಿಯರು ಅಂತ ಕರೆದಿರಿ. ವರ್ಕ್‌ಶಾಪಿನಲ್ಲಿ ನಮಗೆ ಮಾತ್ರ ಅವರು ಸ್ಪ್ರಿಂಗಣ್ಣ. ಕ್ಷಮಿಸಿ ಅತ್ತಿಗೆ — ಓ, ನಗ್ತಾ ಇದ್ದೀರಿ. ಹಾಗಾದರೆ ಮುಂದುವರಿಸ್ತೀನಿ.

ಸ್ಪ್ರಿಂಗಣ್ಣನದು ಒಂದು ವಿಚಿತ್ರ ಪದ್ಧತಿ. ಕುರ್ಚಿ ರಿಪೇರಿ ಮುಗಿದ ಮೇಲೆ, ಅದು ಯಾರದೋ ಅವರ ಹಾಗೇ ಕೂತು ನೋಡಬೇಕು. ಡಾಕ್ಟರ ಕುರ್ಚಿಯಾದರೆ ಹೀಗೆ — ಮುಂದಕ್ಕೆ ಬಾಗಿ. ಅಜ್ಜಿಯ ಕುರ್ಚಿಯಾದರೆ ಹೀಗೆ — ಒಂದು ಕಾಲು ಮಡಚಿ. "ನಾನು ನನ್ನ ಹಾಗೇ ಕೂತರೆ ಅವರ ಬೆನ್ನುನೋವು ನನಗೆ ಹೇಗೆ ಗೊತ್ತಾಗುತ್ತೆ?" ಅನ್ನೋರು. ನಾವು ನಕ್ಕು ನಕ್ಕು ಸುಸ್ತು. ಇದೇ ಬುದ್ಧಿಯನ್ನ ಚರ್ಚಿಗೂ ತರ್ತಾರೆ ಅಂತ ಯಾರು ಅಂದ್ಕೊಂಡಿದ್ದರು?

ಇಲ್ಲಿ ಬೆಂಚುಗಳು ಖಾಲಿಯಾಗುತ್ತಾ ಬಂದದ್ದು ನಿಮಗೇ ಗೊತ್ತು. ಆಗ ಕಮಿಟಿಯವರು ಒಂದು ಉಪಾಯ ಹೂಡಿದರು. ಹಿಂದಿನ ಬೆಂಚುಗಳಿಗೆ ಹಗ್ಗ ಕಟ್ಟಿದರು. ಜನ ಎಲ್ಲಾ ಮುಂದೆ ಕೂತರೆ ಚರ್ಚು ತುಂಬಿದ ಹಾಗೆ ಕಾಣುತ್ತಲ್ಲ! ಸ್ಪ್ರಿಂಗಣ್ಣ ಬಂದರು, ಹಗ್ಗ ಬಿಚ್ಚಿದರು, ನೀಟಾಗಿ ಸುತ್ತಿ ಕಾರ್ಯದರ್ಶಿಗಳ ಕೈಗೇ ಕೊಟ್ಟರು.

"ಬರೋದು ಬಿಟ್ಟವರು ವಾಪಸ್ ಬಂದರೆ ಎಲ್ಲಿ ಕೂತ್ಕೋತಾರೆ?"

"ಬಂದಾಗ ನೋಡೋಣ ಬಿಡಿ ಅಣ್ಣಾ."

"ಬರೋದೇ ಇಲ್ಲ ಅಂತ ನಾವೇ ತೀರ್ಮಾನ ಮಾಡಿದರೆ ಸುವಾರ್ತೆ ಯಾರಿಗೆ ಹೇಳೋದು? ಈ ಹಗ್ಗಕ್ಕಾ?"

ಆ ವಾರದಿಂದ ಶುರುವಾಯ್ತು. ಪ್ರತಿ ಭಾನುವಾರ, ಬರೋದು ಬಿಟ್ಟವರಲ್ಲಿ ಒಬ್ಬರ ಜಾಗದಲ್ಲಿ ಕೂರೋದು. ಆರಾಧನೆ ಮುಗಿದ ಮೇಲೆ ಅವರ ಮನೆಗೆ ಹೋಗೋದು. ಯಾಕೆ ಬರಲಿಲ್ಲ ಅಂತ ಕೇಳೋದೇ ಇಲ್ಲ. "ನಿಮ್ಮ ಜಾಗದಲ್ಲಿ ಕೂತಿದ್ದೆ, ಹೀಗೆ ಹೀಗೆ ಕಂಡಿತು" ಅಂತ ಹೇಳೋದು. ನಿವೃತ್ತ ಟೀಚರಮ್ಮನವರ ಜಾಗದಲ್ಲಿ ಫ್ಯಾನಿನ ಗಡಗಡ ಬಿಟ್ಟರೆ ಸಭಾಪಾಲಕರ ಪ್ರಸಂಗ ಒಂದಕ್ಷರ ಕೇಳಿಸಲ್ಲವಂತೆ. ಸರಿ, ಇವರೇ ಏಣಿ ಹತ್ತಿ ಫ್ಯಾನ್ ಸರಿಮಾಡಿದರು, ಹೋಗಿ ಹೇಳಿದರು. ಟೀಚರಮ್ಮ, "ಒಳ್ಳೇದಾಯ್ತು, ಉಳಿದವರಿಗೆ ಅನುಕೂಲ" ಅಂದರು. ಬರಲಿಲ್ಲ!

"ಏಣಿ ಹತ್ತಿದ್ದು ದಂಡ ಆಯ್ತಲ್ಲ ಅಣ್ಣಾ" ಅಂತ ನಾನು ಕಾಲೆಳೆದೆ.

"ದಂಡ ಯಾಕೆ? ಟೀ ಕೊಟ್ಟರು. ಕಾರಣ ಫ್ಯಾನ್ ಅಲ್ಲ ಅಂತ ಗೊತ್ತಾಯ್ತು. ಮತ್ತೆ ಹೋದರೆ ಇನ್ನೇನೋ ಗೊತ್ತಾಗುತ್ತೆ."

ಟೀಚರಮ್ಮ, ನೀವು ಇವತ್ತು ಬಂದಿದ್ದೀರಿ. ನೋಡಿ, ಫ್ಯಾನಿನ ಸದ್ದೇ ಇಲ್ಲ.

ಇನ್ನು ನನ್ನ ವಿಷಯ — ಒಂದು ನಿಮಿಷ ಕೊಡಿ.

ನನ್ನ ಹೆಂಡತಿ ತೀರಿಕೊಂಡ ಮೇಲೆ ನಾನು ಈ ಬಾಗಿಲು ದಾಟಿರಲಿಲ್ಲ. ದೇವರ ಮೇಲೆ ಸಿಟ್ಟು. ಇವತ್ತೂ ಪೂರ್ತಿ ಇಳಿದಿಲ್ಲ. ಒಂದು ಸೋಮವಾರ ಸ್ಪ್ರಿಂಗಣ್ಣ ಸೂಜಿಗೆ ದಾರ ಪೋಣಿಸ್ತಾ, "ನಿನ್ನೆ ನಿನ್ನ ಜಾಗದಲ್ಲಿ ಕೂತಿದ್ದೆ" ಅಂದರು. ನನಗೆ ಮೈಯೆಲ್ಲಾ ಉರಿದುಹೋಯ್ತು. "ಏನು ಕಂಡಿತು?" ಅಂದೆ.

"ಹಾಡಿಗೆ ಎದ್ದು ನಿಂತೆ. ಅವಳಿಗೆ ಕಾಣಲಿ ಅಂತ ನೀನು ಪುಸ್ತಕ ಪಕ್ಕಕ್ಕೆ ವಾಲಿಸಿ ಹಿಡೀತಿದ್ದೆಯಲ್ಲ, ಹಾಗೇ ಹಿಡಿದೆ. ಹಾಡೋಕೆ ಆಗಲಿಲ್ಲ ಕಣಯ್ಯಾ. ನಿನ್ನನ್ನ ಬಾ ಅಂತ ನಾನು ಕರೆಯಲ್ಲ."

ಕರೆಯಲೇ ಇಲ್ಲ. ಕೊನೆಯವರೆಗೂ. ಆದರೆ ನನಗೇ ಕುತೂಹಲ. "ಈ ವಾರ ಸಭಾಪಾಲಕರು ಏನು ಹೇಳಿದರು?" ಅಂತ ನಾನೇ ಕೇಳೋಕೆ ಶುರುಮಾಡಿದೆ. ಹೇಳೋರು. ನಾನು ಅಡ್ಡಪ್ರಶ್ನೆ ಹಾಕೋನು. ಅವರಿಗೆ ಉತ್ತರ ಗೊತ್ತಿಲ್ಲದಿದ್ದರೆ "ತಡಿ, ಕೇಳ್ಕೊಂಡು ಬರ್ತೀನಿ" ಅನ್ನೋರು. ಇವತ್ತು ಬಾಗಿಲಲ್ಲಿ ನಾನು ಇದನ್ನ ಹೇಳಿದಾಗ ಸಭಾಪಾಲಕರು ನನ್ನ ಕೈ ಹಿಡಿದು, "ಆ ಪ್ರಶ್ನೆಗಳೆಲ್ಲಾ ನಿಮ್ಮವಾ? ಹಿರಿಯರ ನಂಬಿಕೆಯೇ ಅಲ್ಲಾಡ್ತಿದೆ ಅಂತ ಅವರಿಗೋಸ್ಕರ ಪ್ರಾರ್ಥನೆ ಮಾಡ್ತಿದ್ದೆ!" ಅಂದರು. ಅಣ್ಣ ನನ್ನ ಹೆಸರು ಹೇಳಿರಲೇ ಇಲ್ಲ. ನನ್ನ ಅನುಮಾನವನ್ನ ತನ್ನದೇ ಅನ್ನೋ ಹಾಗೆ ಹೊತ್ತುಕೊಂಡು ಬರ್ತಿದ್ದರು. ಶಿಷ್ಯ ಅನ್ನೋ ಪದ ಈ ಚರ್ಚಿನಲ್ಲಿ ನಾನು ಬಹಳ ಸಲ ಕೇಳಿದ್ದೆ. ಅದರ ಅರ್ಥ ಇದೇನಾ ಅಂತ ಈಗ ಯೋಚನೆ ಹತ್ತಿದೆ.

ಕಳೆದ ವಾರ ಕೊನೇದಾಗಿ ಒಂದು ಕೇಳಿದ್ದೆ. ಬೈಬಲಿನಲ್ಲಿ ಸತ್ತ ಸ್ನೇಹಿತನನ್ನು ಸಮಾಧಿಯಿಂದ ಎಬ್ಬಿಸಿದ ಸ್ವಾಮಿ, ನನ್ನವಳನ್ನ ಯಾಕೆ ಎಬ್ಬಿಸಲಿಲ್ಲ? ಸ್ಪ್ರಿಂಗಣ್ಣ ಸೂಜಿ ಕೆಳಗಿಟ್ಟರು. "ಇದು ನನಗೂ ಗೊತ್ತಿಲ್ಲ ಕಣಯ್ಯಾ. ಭಾನುವಾರ ಕೇಳ್ತೀನಿ" ಅಂದರು. ಶನಿವಾರ ಹೊರಟೇ ಹೋದರು.

ನನ್ನ ಪ್ರಶ್ನೆ ಇಲ್ಲಿಗೆ ತರೋರು ಇನ್ನು ಯಾರೂ ಇಲ್ಲ. ಅದಕ್ಕೇ ಸಭಾಪಾಲಕರೇ — ಈ ಭಾನುವಾರ ನಾನೇ ಬರ್ತೀನಿ. ಒಬ್ಬ ವಾಪಸ್ ಬಂದ ಅಂತ ಸಂಭ್ರಮ ಪಡಬೇಡಿ. ನಂಬಿ ಬರ್ತಿಲ್ಲ, ಕೇಳೋಕೆ ಬರ್ತಿದ್ದೀನಿ. ನಿಮಗೂ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ನಾನು ಎದ್ದು ಹೋಗಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅತ್ತಿಗೆ, ನೀವು ಕೂತೇ ಇರಿ, ನಾವು ನಿಮ್ಮ ಸುತ್ತ ನಿಲ್ತೀವಿ. ಪ್ರಾರ್ಥನೆ ಬರುವವರು ಪ್ರಾರ್ಥಿಸಿ. ಬಾರದವರು ನನ್ನ ಹಾಗೆ ಒಳಗೊಳಗೇ ಕೇಳಿ. ಸ್ವಲ್ಪ ಹೊತ್ತು, ಅಣ್ಣನಿಗಾಗಿ, ಮೌನವಾಗಿ —